ಉಸಿರಕ್ಕ ಕಡಲ ಚಿತ್ರ ಕಲಿತದ್ದು

ಆಸ್ಪತ್ರೆಯಲ್ಲಿ ಅವಳನ್ನು ಎಲ್ಲರೂ ಉಸಿರಕ್ಕ ಎಂದು ಕರೆಯುತ್ತಿದ್ದರು. ನೆಲಮಾಳಿಗೆಯ ಎಕ್ಸ್‌ರೇ ಕೋಣೆಯಲ್ಲಿ ಇಪ್ಪತ್ತೇಳು ವರ್ಷಗಳಿಂದ ಅವಳದು ಒಂದೇ ಪಾಠ: "ಉಸಿರು ಎಳ್ಕೊಳ್ಳಿ, ಹಿಡ್ಕೊಳ್ಳಿ, ಅಲ್ಲಾಡ್ಬೇಡಿ, ಸರಿ ಬಿಡಿ." ದಿನಕ್ಕೆ ಮೂವತ್ತು ನಲವತ್ತು ಎದೆ, ಅದರ ಮೇಲೆ ಮುರಿದ ಕೈಕಾಲು. ಊರಿನ ಅರ್ಧ ಜನರ ಪಕ್ಕೆಲುಬು ಅವಳ ಕಣ್ಣಿಗೆ ಬಿದ್ದಿತ್ತು. ಆದರೆ ಬೀದಿಯಲ್ಲಿ ಎದುರಾದರೆ ಅವರಿಗೂ ಅವಳ ಗುರುತಿಲ್ಲ, ಅವಳಿಗೂ ಅವರ ಗುರುತಿಲ್ಲ. ಆ ಕೋಣೆಗೆ ಬಂದವರು ಯಾರೂ ಐದು ನಿಮಿಷಕ್ಕಿಂತ ಹೆಚ್ಚು ನಿಲ್ಲುವುದಿಲ್ಲ. ಗುಂಡಿ ಒತ್ತುವ ಹೊತ್ತಿಗಂತೂ ಅವಳೇ ಸೀಸದ ಪರದೆಯ ಹಿಂದೆ ಹೋಗಿ ನಿಲ್ಲಬೇಕು.

ಮನೆಯಲ್ಲಿ ಮಾತಿಗೆ ಬರವಿರಲಿಲ್ಲ, ಏಕೆಂದರೆ ತಂಗಿ ಇದ್ದಳು. ದರ್ಜಿ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಅಕ್ಕ ತಂಗಿ ಇಬ್ಬರೇ ಹತ್ತೊಂಬತ್ತು ವರ್ಷ ಕಳೆದಿದ್ದರು. ತಂಗಿ ಶಾಲೆಯೊಂದರ ಗ್ರಂಥಾಲಯ ನೋಡಿಕೊಳ್ಳುತ್ತಿದ್ದಳು; ದಿನವಿಡೀ "ಸದ್ದು ಮಾಡ್ಬೇಡಿ" ಎಂದು ಮಕ್ಕಳನ್ನು ಗದರಿಸಿ, ಬಾಯಿಗೆ ಹಾಕಿಕೊಂಡ ಬೀಗವನ್ನು ಮನೆಗೆ ಬಂದು ತೆಗೆಯುತ್ತಿದ್ದಳು. ಮದುವೆಯ ವಿಷಯವನ್ನು ಇಬ್ಬರೂ ಎಂದೋ ಮರೆತಿದ್ದರು. ಅಂಥದ್ದರಲ್ಲಿ ನಲವತ್ತೇಳನೆಯ ವಯಸ್ಸಿನಲ್ಲಿ, ಶಾಲೆಯ ಕಪಾಟು ಸರಿಮಾಡಲು ಬೇರೆ ಊರಿನಿಂದ ಬಂದ ವಿಧುರ ಬಡಗಿಯೊಬ್ಬನನ್ನು ತಂಗಿ ಮೆಚ್ಚಿದಳು.

"ಅಕ್ಕಾ, ಆ ಕಪಾಟಿಗೆ ಎರಡು ದಿನ ಸಾಕಿತ್ತು. ಆ ಮನುಷ್ಯ ಹನ್ನೊಂದು ದಿನ ತಗೊಂಡ," ಎಂದು ಹೇಳಿ ಹುಡುಗಿಯ ಹಾಗೆ ನಾಚಿಕೊಂಡಳು.

ಮದುವೆಯ ದಿನ ಎಲ್ಲರಿಗಿಂತ ಹೆಚ್ಚು ನಕ್ಕವಳು ಉಸಿರಕ್ಕ. ಮರುದಿನ ತಂಗಿ ಗಂಡನ ಊರಿಗೆ ಹೊರಟಳು. ಬಸ್ಸಿನಲ್ಲಿ ಐದು ಗಂಟೆಯ ದಾರಿ.

ಆಮೇಲೆ ಸಂಜೆಗಳು ಬಂದವು. ಕೆಳಗೆ ದರ್ಜಿಯ ಮಷಿನ್ನು ಏಳು ಗಂಟೆಗೆ ನಿಂತರೆ ಮನೆಯಲ್ಲಿ ಸದ್ದೇ ಇಲ್ಲ. ಕೈಗೆ ರೂಢಿಯಾದದ್ದು ಎರಡು ಲೋಟ ನೀರಿನ ಅಳತೆ. ಚಹಾ ಪ್ರತಿದಿನ ಮಿಗುತ್ತಿತ್ತು. ಭಾನುವಾರ ಫೋನಿನಲ್ಲಿ ತಂಗಿ ಮಾತಾಡುವಾಗ ಹಿಂದಿನಿಂದ ಗಂಡಸಿನ ಕೆಮ್ಮು, ತಟ್ಟೆಯ ಸದ್ದು, ನಗು ಕೇಳಿಸುತ್ತಿತ್ತು. "ಆರಾಮಾಗಿದೀನಿ ಕಣೇ," ಎಂದು ಉಸಿರಕ್ಕ ಫೋನು ಇಡುತ್ತಿದ್ದಳು. ತಂಗಿಯ ಸುಖಕ್ಕೆ ಅವಳಿಗೆ ಹೊಟ್ಟೆಕಿಚ್ಚಿರಲಿಲ್ಲ. ಆದರೆ ಮನೆ ಭಣಗುಡುತ್ತಿದ್ದದ್ದೂ ಸುಳ್ಳಲ್ಲ.

ತಂಗಿ ಬಿಟ್ಟುಹೋದ ಸಾಮಾನಿನಲ್ಲಿ ಒಂದು ಕ್ಯಾಮೆರಾ ಇತ್ತು. "ನನಗೆ ಫೋನೇ ಸಾಕು, ನೀನೇ ಇಟ್ಕೋ," ಎಂದಿದ್ದಳು. ಒಂದು ಭಾನುವಾರ ಬೆಳಿಗ್ಗೆ ಮನೆಯಲ್ಲಿ ಇರಲಾರದೆ ಉಸಿರಕ್ಕ ಅದನ್ನು ಕೊರಳಿಗೆ ಹಾಕಿಕೊಂಡು ಮೊದಲು ಸಿಕ್ಕ ಬಸ್ಸು ಹತ್ತಿದಳು. ಬಸ್ಸಿನ ಕೊನೆಯ ನಿಲ್ದಾಣ ಕಡಲತೀರ. ಇಳಿದು ನೂರಾಹತ್ತು ಚಿತ್ರ ತೆಗೆದಳು. ಮನೆಗೆ ಬಂದು ನೋಡಿದರೆ ನೂರಾಹತ್ತೂ ಒಂದೇ: ಮೇಲೆ ಬಿಳಿ, ಕೆಳಗೆ ಬೂದಿ.

ತಂಗಿಗೆ ಒಂದನ್ನು ಕಳಿಸಿದಳು. ಆ ಕಡೆಯಿಂದ ನಗು. "ಅಕ್ಕಾ, ಕಡಲು ಒಂದು ಕಡೆ ವಾಲಿದೆ! ಇನ್ನು ಸ್ವಲ್ಪ ಹೊತ್ತಿಗೆ ನೀರೆಲ್ಲ ಚೆಲ್ಲಿಹೋಗುತ್ತೆ."

ಉಸಿರಕ್ಕನೂ ನಕ್ಕಳು. ಆದರೆ ಅದು ಅವಳ ಮನಸ್ಸಿಗೆ ಮುಳ್ಳಿನಂತೆ ಚುಚ್ಚಿತು. ಇಪ್ಪತ್ತೇಳು ವರ್ಷ ಒಂದೇ ಒಂದು ಬೆನ್ನುಮೂಳೆಯನ್ನೂ ವಾಲಿಸಿ ತೆಗೆದವಳಲ್ಲ ಅವಳು.

ಎರಡನೆಯ ಭಾನುವಾರ ಕ್ಯಾಮೆರಾದ ಗುಂಡಿಗೆ ಮರಳು ಸೇರಿ ಅಂಟಿಕೊಂಡಿತು. ಪಕ್ಕದ ಬೀದಿಯಲ್ಲಿ ಕ್ಯಾಮೆರಾ ರಿಪೇರಿಯ ಒಂದು ಸಣ್ಣ ಅಂಗಡಿ ಇತ್ತು. ಅಂಗಡಿಯವರಿಗೆ ಅರವತ್ತು ದಾಟಿತ್ತು; ಒಂಟಿ ಜೀವ, ಅಂಗಡಿಯ ಹಿಂದಿನ ಕೋಣೆಯೇ ಮನೆ. ಸದಾ ಒಂದು ಕಣ್ಣಿಗೆ ದಪ್ಪ ಗಾಜು ಸಿಕ್ಕಿಸಿಕೊಂಡಿರುತ್ತಿದ್ದರಿಂದ ಬೀದಿಯವರು ಅವರಿಗೆ ಭೂತಗನ್ನಡಿ ಎಂದು ಹೆಸರಿಟ್ಟಿದ್ದರು. ಅವರು ಕ್ಯಾಮೆರಾ ಕೈಗೆ ತಗೊಂಡು, ಮೂಗಿನ ಹತ್ತಿರ ಹಿಡಿದು ಮೂಸಿದರು.

"ಕಡಲಿಗೆ ಹೋಗಿದ್ರಾ?"

"ಹೂಂ."

"ಹೋಗ್ಬೇಡಿ. ನನ್ನ ಹತ್ರ ಬರೋ ಹೆಣಗಳಲ್ಲಿ ಮುಕ್ಕಾಲು ಪಾಲು ಅಲ್ಲಿಂದಾನೇ ಬರೋದು. ಉಪ್ಪು, ಮರಳು, ತುಕ್ಕು. ನಾನಂತೂ ಆ ಕಡೆ ತಲೆ ಹಾಕಿ ಮೂವತ್ತು ವರ್ಷ ಆಯ್ತು."

"ಹೋಗೋದು ಬಿಡಲ್ಲ," ಎಂದಳು ಅವಳು, ತನಗೇ ಆಶ್ಚರ್ಯವಾಗುವಷ್ಟು ಗಟ್ಟಿಯಾಗಿ. "ಹೇಗೆ ತೆಗೀಬೇಕು ಅಂತ ಹೇಳಿಕೊಡಿ."

ಹೀಗೆ, ಕಡಲನ್ನು ಕಂಡರೆ ಆಗದ ಮನುಷ್ಯನ ಹತ್ತಿರ ಅವಳು ಕಡಲ ಚಿತ್ರ ಕಲಿಯತೊಡಗಿದಳು. ಸೋಮವಾರ ಸಂಜೆ ಕೆಲಸ ಮುಗಿಸಿ ಹೋಗಿ ಹಿಂದಿನ ದಿನದ ಚಿತ್ರಗಳನ್ನು ತೋರಿಸುವಳು. ಅವರು ಗಾಜು ಸಿಕ್ಕಿಸಿಕೊಂಡು ನೋಡುವರು. ಹೊಗಳಿಕೆಯ ಮಾತೇ ಇಲ್ಲ. "ಆಕಾಶ ಸುಟ್ಟುಹೋಗಿದೆ. ಬೆಳಕು ಕಡಿಮೆ ಮಾಡಿ." "ಹತ್ತಿರದಲ್ಲಿ ಏನೂ ಇಲ್ಲ. ಕಣ್ಣು ಎಲ್ಲಿ ಕಾಲಿಡಬೇಕು? ಒಂದು ಕಲ್ಲಾದ್ರೂ ಕೊಡಿ." "ಸ್ಟ್ಯಾಂಡಿನ ಕಾಲು ಮರಳಲ್ಲಿ ಕುಸಿದಿದೆ. ಮೊದಲು ಕೈಯಿಂದ ಒತ್ತಿ ಊರಿ, ಆಮೇಲೆ ಕ್ಯಾಮೆರಾ ಇಡಿ." "ಇದೇನು ಮಚ್ಚೆ? ಲೆನ್ಸಿನ ಮೇಲೆ ತುಂತುರು. ಪ್ರತಿ ಸಲ ಒರೆಸಬೇಕು. ಒರೆಸೋ ಬಟ್ಟೆ ಜೇಬಲ್ಲಿ ಅಲ್ಲ, ಕೈಯಲ್ಲಿರಬೇಕು." ಮನೆಗೆ ಬಂದ ಮೇಲೆ ಸ್ಟ್ಯಾಂಡಿನ ಕಾಲುಗಳನ್ನು ಸಿಹಿನೀರಿನಲ್ಲಿ ತೊಳೆಯುವುದನ್ನು ಮೂರು ಸಲ ಮಾಡಿ ತೋರಿಸಿದರು.

ಅಂಗಡಿಯಲ್ಲಿ ಕಲಿಯುವಾಗ ಅವಳು ಗುಂಡಿ ಒತ್ತಿದಾಗಲೆಲ್ಲ ಉಸಿರು ಕಟ್ಟುತ್ತಿದ್ದದ್ದನ್ನು ಕಂಡು ಒಮ್ಮೆ ಕೇಳಿದರು: "ಕ್ಯಾಮೆರಾ ಸ್ಟ್ಯಾಂಡಿನ ಮೇಲಿದೆ. ನೀವ್ಯಾಕೆ ಉಸಿರು ಹಿಡೀತೀರಾ?"

"ಅಭ್ಯಾಸ," ಎಂದಳು.

ಅವಳಿಗೆ ಕಷ್ಟವಾದದ್ದು ಬೇರೆಯೇ. ಎಕ್ಸ್‌ರೇ ಕೋಣೆಯಲ್ಲಿ ಎಲ್ಲರೂ ಅವಳು ಹೇಳಿದಂತೆ ಅಲ್ಲಾಡದೆ ನಿಲ್ಲುತ್ತಿದ್ದರು. ಕಡಲು ಯಾರ ಮಾತನ್ನೂ ಕೇಳುವುದಿಲ್ಲ. ಬೆಳಕು ಒಳಬಿಡುವ ಷಟರನ್ನು ಅರೆಕ್ಷಣ ತೆರೆದರೆ ಅಲೆ ಕಲ್ಲಿನಂತೆ ನಿಂತುಬಿಡುತ್ತದೆ. ಅರ್ಧ ನಿಮಿಷ ತೆರೆದರೆ ಹೊಗೆಯಾಗುತ್ತದೆ. ಇವೆರಡರ ನಡುವೆ ಒಂದು ಸೆಕೆಂಡಿನ ಆಸುಪಾಸಿನಲ್ಲಿ, ಬಂದ ಅಲೆ ಹಿಂದೆ ಸರಿಯುವಾಗ, ನೊರೆ ಮರಳಿನ ಮೇಲೆ ಉದ್ದುದ್ದ ಗೆರೆ ಎಳೆಯುತ್ತದೆ. ಆ ಗೆರೆ ಹಿಡಿಯಲು ಅವಳಿಗೆ ಹತ್ತು ತಿಂಗಳು ಹಿಡಿಯಿತು. ಅಲೆ ಬರುವಾಗ ಅಲ್ಲ, ಹೋಗುವಾಗ ಒತ್ತಬೇಕು ಎಂದು ಯಾರೂ ಹೇಳಿರಲಿಲ್ಲ. ಸಾವಿರ ಸಲ ತಪ್ಪಿದ ಮೇಲೆ ಬೆರಳಿಗೇ ತಿಳಿಯಿತು. ಆ ದಿನ ಅದನ್ನು ತೋರಿಸಲು ಅಕ್ಕಪಕ್ಕ ನೋಡಿದಳು. ದೂರದಲ್ಲಿ ಒಂದು ನಾಯಿ ಇತ್ತು, ಅಷ್ಟೇ.

ಮರುವರ್ಷ ನಡೆದದ್ದನ್ನು ಅವಳು ತಂಗಿಗೆ ಇಂದಿಗೂ ಹೇಳಿಲ್ಲ.

ತೀರದ ಉತ್ತರದ ತುದಿಯಲ್ಲಿ ಕಡಲಿಗೆ ಚಾಚಿಕೊಂಡ ಒಂದು ದೊಡ್ಡ ಬಂಡೆ ಇದೆ. ಇಳಿತದ ಹೊತ್ತಿನಲ್ಲಿ ಮರಳಿನ ದಾರಿಯಲ್ಲಿ ನಡೆದು ಹೋಗಬಹುದು. ಉಬ್ಬರ ಬಂದರೆ ದಾರಿ ಮುಳುಗುತ್ತದೆ. ಅವಳಿಗೆ ಇದು ಗೊತ್ತಿರಲಿಲ್ಲ. ಬೆಳಿಗ್ಗೆ ಆರೂವರೆಗೆ ಹೋಗಿ, ಮೋಡದ ಅಂಚಿನಲ್ಲಿ ಬರುತ್ತಿದ್ದ ಬೆಳಕಿನಲ್ಲಿ ಮುಳುಗಿ, ಎಂಟೂವರೆಗೆ ತಿರುಗಿ ನೋಡಿದರೆ ಹಿಂದೆ ನೀರು. ಸೊಂಟದ ಮಟ್ಟವಿದ್ದರೂ ಸೆಳೆತ ಜೋರಾಗಿತ್ತು. ನೋಡುತ್ತಿದ್ದಂತೆ ಒಂದು ಅಲೆ ಬಂಡೆಯ ಕೆಳಗಿನ ಹಂತದಲ್ಲಿದ್ದ ಚೀಲವನ್ನೂ ಕ್ಯಾಮೆರಾ ಸಮೇತ ಸ್ಟ್ಯಾಂಡನ್ನೂ ನೆನೆಸಿ ಕೆಡವಿತು. ಕ್ಯಾಮೆರಾ ಸತ್ತಿತು, ಫೋನೂ ಸತ್ತಿತು.

ಎರಡನ್ನೂ ಎತ್ತಿಕೊಂಡು ಅವಳು ಮೇಲೆ ಹತ್ತಿದಳು. ಬಂಡೆಯಲ್ಲಿ ಒಂದು ಮಟ್ಟದವರೆಗೆ ಚಿಪ್ಪು ಕಚ್ಚಿಕೊಂಡಿದ್ದವು. ಅದರ ಮೇಲೆ ಒಣ ಕಲ್ಲು, ಹಕ್ಕಿಯ ಹಿಕ್ಕೆ. ನೀರು ಅಲ್ಲಿಗೆ ಏರುವುದಿಲ್ಲ ಎಂದು ಲೆಕ್ಕ ಹಾಕಿ, ಹಿಕ್ಕೆಯ ನಡುವೆಯೇ ಕುಳಿತಳು.

ಹೆದರಿಕೆ ಅರ್ಧ ಗಂಟೆಯಲ್ಲಿ ಇಳಿಯಿತು. ಆಮೇಲೆ ಬಂದ ಯೋಚನೆ ಹೆದರಿಕೆಗಿಂತ ಕೆಟ್ಟದ್ದು. ತಾನು ಇಲ್ಲಿರುವುದು ಯಾರಿಗೆ ಗೊತ್ತು? ದರ್ಜಿಗೆ ಭಾನುವಾರ ರಜೆ. ತಂಗಿ ಫೋನು ಮಾಡಿ, ಎತ್ತದಿದ್ದರೆ ಮಲಗಿದಾಳೆ ಎಂದುಕೊಳ್ಳುತ್ತಾಳೆ. ಸೋಮವಾರ ಎಂಟು ಗಂಟೆಗೆ ಮೊದಲ ರೋಗಿ ಬಂದು ಎಕ್ಸ್‌ರೇ ಕೋಣೆಯ ಬಾಗಿಲು ತಟ್ಟಿದಾಗಲೇ ಅವಳು ಇಲ್ಲ ಎಂಬುದು ಲೋಕಕ್ಕೆ ತಿಳಿಯುವುದು. ಆಗಲೂ "ಇವತ್ತು ಉಸಿರಕ್ಕ ಲೇಟು" ಎನ್ನುತ್ತಾರೆ, ಅಷ್ಟೇ. ಅವಳು ಮೊಣಕಾಲಿಗೆ ಮುಖ ಒತ್ತಿ ಅತ್ತಳು. ಕೇಳುವವರಿಲ್ಲದ್ದರಿಂದ ಗಟ್ಟಿಯಾಗಿಯೇ ಅತ್ತಳು.

ಅತ್ತು ಮುಗಿದ ಮೇಲೆ ಮಾಡಲು ಏನೂ ಇರಲಿಲ್ಲ, ನೋಡುವುದೊಂದನ್ನು ಬಿಟ್ಟು. ಎಲ್ಲ ಕಲ್ಲುಗಳಿಗೂ ಅಲೆ ಒಂದೇ ರೀತಿ ಬಡಿಯುವುದಿಲ್ಲ ಎಂದು ಅಂದು ಕಂಡಳು. ನಡು ಹಗಲಿನ ಬೆಳಕು ಬೋಳು ಎಂದು ಭೂತಗನ್ನಡಿ ಹೇಳಿದ್ದರು. ಆದರೆ ಮೋಡವೊಂದು ಅಡ್ಡ ಬಂದ ಕೂಡಲೇ ನೀರಿನ ಬಣ್ಣ ಹಸಿರಿನಿಂದ ಸೀಸಕ್ಕೆ ತಿರುಗಿತು. ಕೈಯಲ್ಲಿ ಕ್ಯಾಮೆರಾ ಇದ್ದಿದ್ದರೆ ಇದಾವುದನ್ನೂ ಅವಳು ನೋಡುತ್ತಿರಲಿಲ್ಲ. ಎರಡು ಗಂಟೆಯ ಹೊತ್ತಿಗೆ ದಾರಿ ತೆರೆಯಿತು. ತುಟಿ ಒಡೆದು, ಮುಖ ಸುಟ್ಟು, ಒದ್ದೆ ಬೂಟಿನಲ್ಲಿ ನಡೆದು ಬಸ್ಸು ಹತ್ತಿದಳು. ಬಸ್ಸಿನಲ್ಲಿ ಪಕ್ಕದವಳು ಸೀಟಿನ ಅಂಚಿಗೆ ಸರಿದು ಕುಳಿತಳು.

ಸೋಮವಾರ ಭೂತಗನ್ನಡಿ ಕ್ಯಾಮೆರಾ ಬಿಚ್ಚಿದರು. ಒಳಗೆ ಉಪ್ಪು ಹರಳುಗಟ್ಟಿತ್ತು. ಅವರು ಕಣ್ಣಿನ ಗಾಜನ್ನು ತೆಗೆದಿಟ್ಟು, ಮೊದಲ ಸಲ ಬರಿಗಣ್ಣಿನಿಂದ ಅವಳ ಮುಖ ನೋಡಿದರು.

"ಎಷ್ಟು ಹೊತ್ತು ಸಿಕ್ಕಿಹಾಕ್ಕೊಂಡಿದ್ರಿ?"

"ಐದೂವರೆ ಗಂಟೆ."

"ಯಾರಿಗಾದ್ರೂ ಹೇಳಿ ಹೋಗಿದ್ರಾ?"

"ಯಾರಿಗೆ ಹೇಳ್ಲಿ?"

ಅವರು ಬಿಚ್ಚಿದ ಕ್ಯಾಮೆರಾವನ್ನು ಪಕ್ಕಕ್ಕೆ ಸರಿಸಿಟ್ಟರು. ಆಮೇಲೆ ಗೋಡೆಯ ಹಲಗೆಯನ್ನು ತೋರಿಸಿದರು. "ಶನಿವಾರ ಒಂದು ಚೀಟಿ ಬರೆದು ಇಲ್ಲಿ ಚುಚ್ಚಿ. ಯಾವ ಜಾಗ, ಇಳಿತ ಎಷ್ಟು ಗಂಟೆಗೆ, ವಾಪಸ್ಸು ಎಷ್ಟಕ್ಕೆ. ಬಂದ ಮೇಲೆ ಚೀಟಿ ಕಿತ್ತುಹಾಕಿ. ಕಿತ್ತಿಲ್ಲ ಅಂದ್ರೆ ನಾನು ಪೊಲೀಸಿಗೆ ಹೇಳ್ತೀನಿ. ನಾನಂತೂ ಬರಲ್ಲ, ಅದು ಖಂಡಿತ."

ಆ ಕ್ಯಾಮೆರಾ ಬದುಕಲಿಲ್ಲ. ಹಳೆಯದೊಂದನ್ನು ಅವರೇ ಹೊಂದಿಸಿಕೊಟ್ಟರು. ಉಬ್ಬರ ಇಳಿತದ ಪಟ್ಟಿಯನ್ನು ಅವಳು ಬಾಯಿಪಾಠ ಮಾಡಿದಳು: ದಿನಕ್ಕೆ ಮುಕ್ಕಾಲು ಗಂಟೆಗೂ ಮಿಕ್ಕಿ ತಡ, ಒಂದು ಭಾನುವಾರ ಬೆಳಗಿನ ಇಳಿತ ಸಿಕ್ಕರೆ ಮುಂದಿನ ಭಾನುವಾರ ಮಧ್ಯಾಹ್ನದ್ದು.

ಒಮ್ಮೆ ಭೂತಗನ್ನಡಿಯೂ ಬಂದರು. ಅವಳು ಕರೆದಿರಲಿಲ್ಲ, ಭಾನುವಾರ ಬಸ್ ನಿಲ್ದಾಣದಲ್ಲಿ ಪಾಲಿಶ್ ಮಾಡಿದ ಬೂಟು ಹಾಕಿಕೊಂಡು ನಿಂತಿದ್ದರು. ತೀರದಲ್ಲಿ ಕಡಲಿಗೆ ಬೆನ್ನು ಹಾಕಿ, ಸ್ಟ್ಯಾಂಡಿನ ಮೂರು ಕಾಲುಗಳನ್ನೇ ಕಾಯುತ್ತಾ ಕೊಡೆ ಹಿಡಿದರು. ಇಬ್ಬರೂ ಕಲ್ಲಿನ ಮೇಲೆ ಕುಳಿತು ಬ್ರೆಡ್ಡು ತಿಂದರು. ಕೊನೆಗೆ ಅವರು ನಿಧಾನವಾಗಿ ತಿರುಗಿ ನೀರನ್ನು ನೋಡಿದರು.

"ಚೆನ್ನಾಗೇನೋ ಇದೆ," ಎಂದರು. "ತುಂಬಾ ದೊಡ್ಡದು."

ವಾಪಸ್ಸು ಬರುವಾಗ ಬಸ್ಸಿನಲ್ಲಿ ನಿದ್ದೆ ಹೋದರು. ಆ ದಿನ ಒಳ್ಳೆಯ ಚಿತ್ರ ಒಂದೂ ಬರಲಿಲ್ಲ. ಮುಂದೆ ಅವರು ಬರುತ್ತೇನೆ ಎನ್ನಲಿಲ್ಲ, ಅವಳೂ ಕೇಳಲಿಲ್ಲ.

ಹೀಗೆ ಏಳು ವರ್ಷ ಕಳೆದವು. ಇಟ್ಟುಕೊಳ್ಳಲು ಯೋಗ್ಯವೆಂದು ಅವಳಿಗೆ ಅನಿಸಿದ ಚಿತ್ರಗಳು ಮೂವತ್ತೊಂದು. ಅವಳು ನಿವೃತ್ತಳಾಗುವ ವರ್ಷ ತಂಗಿ ಹಟ ಹಿಡಿದಳು. "ಇನ್ನೇನಿದೆ ನಿನಗೆ ಅಲ್ಲಿ? ಇಲ್ಲಿಗೆ ಬಂದ್ಬಿಡು. ನಿನಗೆ ಅಂತಾನೇ ಇವ್ರು ಮಂಚ ಮಾಡಿದಾರೆ."

ಉಸಿರಕ್ಕ ಹೋಗಿ ಹದಿನೈದು ದಿನ ಇದ್ದಳು. ಮಂಚ ಗಟ್ಟಿಯಾಗಿತ್ತು, ತಂಗಿಯ ಗಂಡ ಒಳ್ಳೆಯವನು, ಮಾತು ನಗುವಿಗೆ ಕೊರತೆಯಿರಲಿಲ್ಲ. ಇಬ್ಬರೂ ಅವಳಿಗೆ ಜಾಗ ಬಿಟ್ಟು ಬಿಟ್ಟು ಕುಳಿತುಕೊಳ್ಳುತ್ತಿದ್ದರು. ಕಿಟಕಿಯಿಂದ ಎದುರು ಮನೆಯ ಗೋಡೆ ಕಾಣುತ್ತಿತ್ತು. ಈಗ ನೀರು ಎಲ್ಲಿಯವರೆಗೆ ಇಳಿದಿರಬಹುದು ಎಂದು ಅವಳು ದಿನವೂ ಗಡಿಯಾರ ನೋಡಿ ಲೆಕ್ಕ ಹಾಕುತ್ತಿದ್ದಳು.

ಊರಿಗೆ ಮರಳಿ ನಾಲ್ಕು ದಿನಕ್ಕೆ ಫೋನು ಮಾಡಿದಳು.

"ನಾನು ಇಲ್ಲೇ ಇರ್ತೀನಿ ಕಣೇ."

"ಒಬ್ಬಳೇನಾ?"

"ಹೂಂ. ಒಬ್ಬಳೇ."

ಆ ಕಡೆ ತಂಗಿ ಮೂಗು ಏರಿಸಿದ್ದು ಕೇಳಿಸಿತು. "ನಮ್ಮಿಂದ ಏನಾದ್ರೂ ತಪ್ಪಾಯ್ತಾ ಅಕ್ಕಾ?"

"ಇಲ್ಲಪ್ಪ, ಅದೆಲ್ಲ ಏನಿಲ್ಲ," ಎಂದಳು ಉಸಿರಕ್ಕ. ಬೆರಳು ಮಡಚಿ ಭಾನುವಾರದ ಇಳಿತದ ಹೊತ್ತನ್ನು ಲೆಕ್ಕ ಹಾಕಿದಳು. ತಂಗಿ ಒತ್ತಾಯಿಸಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ತಂಗಿಯ ಗಂಡನ ಮಂಡಿ ನೋವಿನ ಮಾತು ಬಂತು, ಆಮೇಲೆ ತಂಗಿಯ ಹಳೆಯ ಶಾಲೆಯ ಮಾತು. ಇಬ್ಬರೂ ಬಹಳ ಹೊತ್ತು ಮಾತಾಡಿದರು.