ಎಂಜಿನ್ ಡ್ರೈವರ್ ಕೈ ಬೀಸಿದ್ದು ಯಾರಿಗೆ?

ನನ್ನ ಗಂಡ ಲಾಯ್ಡ್ ಕ್ರೈಡರ್ ಹಾಲಿನ ಟ್ಯಾಂಕರ್ ಓಡಿಸಿ ನಿವೃತ್ತನಾದ ಮನುಷ್ಯ. ಬೇರೆ ಗಂಡಸರು ನಿವೃತ್ತರಾದರೆ ಮೀನು ಹಿಡಿಯುತ್ತಾರೆ, ಇಲ್ಲವೇ ಅಡುಗೆಮನೆಗೆ ಬಂದು ಹೆಂಡತಿಯ ತಲೆ ತಿನ್ನುತ್ತಾರೆ. ಇವನು ಉಗಿಬಂಡಿಯ ಹಳೇ ಫೋಟೋಗಳನ್ನು ಹಿಡಿದುಕೊಂಡು, ಅವನ್ನು ತೆಗೆದವನು ಎಲ್ಲಿ ನಿಂತಿದ್ದ ಎಂದು ಹುಡುಕುತ್ತಾ ನಮ್ಮೂರ ಪಕ್ಕದ ಜೂನಿಯಾಟಾ ನದಿಯ ದಂಡೆಯುದ್ದಕ್ಕೂ ಅಲೆಯುತ್ತಾನೆ. ಜಾಗ ಸಿಕ್ಕಿತೋ, ಅಲ್ಲೇ ನಿಂತು ತಾನೂ ಒಂದು ಫೋಟೋ ಹೊಡೆಯುತ್ತಾನೆ. ಅದರಲ್ಲಿ ಏನಿರುತ್ತದೆ ಅಂತೀರಿ? ಎಂಜಿನ್ ಇಲ್ಲ, ಹೊಗೆ ಇಲ್ಲ, ಬರೀ ಮುಳ್ಳುಕಂಟಿ! "ಎಷ್ಟು ಚೆನ್ನಾಗಿ ಬಂದಿದೆ ನೋಡು ನೋರೀನ್" ಅಂತ ಬೇರೆ ಹೇಳುತ್ತಾನೆ.

ಬೇಸಿಗೆಯಲ್ಲಿ ಈ ಕೆಲಸ ಆಗುವುದಿಲ್ಲ. ಉಗಿಬಂಡಿಯ ಕಾಲದಲ್ಲಿ ಹಳಿಯ ಪಕ್ಕದ ಇಳಿಜಾರೆಲ್ಲ ಕಿಡಿ ಬಿದ್ದು ಸುಟ್ಟು ಬೋಳಾಗಿತ್ತಂತೆ. ಈಗ ಕಾಡು ಬೆಳೆದು ಕೂತಿದೆ, ಎಲೆ ಉದುರಿದ ಮೇಲೇ ಗುಡ್ಡದ ಅಂಚು ಕಾಣುವುದು. ಅಷ್ಟು ಹೊತ್ತಿಗೆ ಜಿಂಕೆ ಬೇಟೆಯೂ ಶುರುವಾಗಿರುತ್ತದೆ. ಯಾರಾದರೂ ಜಿಂಕೆ ಅಂದುಕೊಂಡು ಹೊಡೆದಾರು ಅಂತ ಇಬ್ಬರೂ ಕಿತ್ತಳೆ ಬಣ್ಣದ ಅಂಗಿ ತೊಟ್ಟುಕೊಂಡೇ ಹೊರಡುತ್ತೇವೆ. "ಸ್ಟೇಷನ್ ಬೀಳುತ್ತೆ, ಸೇತುವೆ ಬೀಳುತ್ತೆ, ಗುಡ್ಡ ಎಲ್ಲಿಗೂ ಹೋಗಲ್ಲ ಕಣೇ" ಅನ್ನುವುದು ಅವನ ಮಂತ್ರ. ಫೋಟೋದಲ್ಲಿ ಗುಡ್ಡದ ಯಾವ ತಗ್ಗು ಯಾವ ಕಲ್ಲಿನ ಮೇಲೆ ಕೂತಿದೆಯೋ, ಕಣ್ಣೆದುರಿಗೂ ಅದು ಹಾಗೇ ಕೂರುವ ತನಕ ಹಿಂದೆ ಮುಂದೆ ಹೆಜ್ಜೆ ಹಾಕುತ್ತಾ ಇರುತ್ತಾನೆ. ನೋಡಿದವರು ಕುಡಿದಿದ್ದಾನೆ ಅಂದುಕೊಳ್ಳಬೇಕು, ಹಾಗೆ.

ಒಂದೇ ಒಂದು ಫೋಟೋ ಮಾತ್ರ ಜಪ್ಪಯ್ಯ ಅಂದರೂ ಬಗ್ಗಲಿಲ್ಲ. ಚಳಿಗಾಲದ ಬೆಳಗು, ಎಂಜಿನ್ ಉಗಿಯಲ್ಲಿ ಮುಳುಗಿದೆ, ನಂಬರೂ ಕಾಣುವುದಿಲ್ಲ. ಎಡಗಡೆಯ ಕಿಟಕಿಯಿಂದ ಒಬ್ಬಾತ ಬಾಯ್ತುಂಬ ನಗುತ್ತಾ ಕೈ ಬೀಸುತ್ತಿದ್ದಾನೆ. ಎಡಗಡೆ ಕೂತಿದ್ದಾನೆ ಅಂದರೆ ಕಲ್ಲಿದ್ದಲು ಹಾಕುವ ಫೈರ್‌ಮನ್ ಅಂತ ಲಾಯ್ಡ್ ತೀರ್ಮಾನ ಮಾಡಿದ. ವರ್ಷಗಟ್ಟಲೆ ಅಲೆದು, ಕೊನೆಗೆ ನದಿಯ ಆಚೆ ದಡದಲ್ಲಿ ಹಫ್ ತಿರುವು ಅನ್ನುವ ಕಡೆ ಗುಡ್ಡ ಹತ್ತಿರ ಹತ್ತಿರ ಹೊಂದುತ್ತದೆ ಅಂದ.

"ಗುಡ್ಡದ ಈ ತುದಿ ಹೊಂದಲ್ವಲ್ಲ?" ಅಂದೆ ನಾನು.

"ಅದನ್ನ ಕಲ್ಲುಕ್ವಾರಿಯೋರು ತಿಂದುಹಾಕಿರ್ತಾರೆ ಬಿಡು."

ಎಲಾ ಇವನ! ಗುಡ್ಡ ಎಲ್ಲಿಗೂ ಹೋಗಲ್ಲ ಅಂದವನೂ ಇವನೇ.

ನಮ್ಮೂರಿನ ಅಗ್ನಿಶಾಮಕ ಠಾಣೆಯಲ್ಲಿ ವರ್ಷಕ್ಕೊಮ್ಮೆ ಪ್ಯಾನ್‌ಕೇಕ್ ತಿಂಡಿ ಇರುತ್ತದೆ. ಕಳೆದ ನವೆಂಬರಿನಲ್ಲಿ ಅಲ್ಲಿ ಗೋಡೆಗೆ ತನ್ನ ಫೋಟೋಗಳನ್ನು ಹಾಕಲು ಲಾಯ್ಡ್‌ಗೆ ಅವಕಾಶ ಸಿಕ್ಕಿತು. ಆ ನಗುವವನ ಫೋಟೋದ ಕೆಳಗೆ "ಫೈರ್‌ಮನ್, ಹಫ್ ತಿರುವು" ಅಂತ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದ. ಜನ ಸಾಸೇಜ್ ಅಗಿಯುತ್ತಾ ನೋಡಿದರು, ತಲೆಯಾಡಿಸಿದರು, ಇನ್ನೊಂದು ತಟ್ಟೆ ತರಲು ಹೋದರು.

ಎಂಬತ್ತು ದಾಟಿದ ಥೆಲ್ಮಾ ಐಸೆನ್‌ಬರ್ಗ್ ಮಾತ್ರ ಅಲ್ಲಾಡಲಿಲ್ಲ. ಕೋಲೂರಿಕೊಂಡು ಆ ಫೋಟೋದ ಮುಂದೆಯೇ ನಿಂತಳು. ಮುಖ ಕಪ್ಪಿಟ್ಟಿತ್ತು.

"ಇದು ನಮ್ಮಪ್ಪ" ಅಂದಳು. "ಎಮೆಟ್ ಸ್ನೇರ್. ಮನೇಲಿ ಒಂದಿನ ನಕ್ಕೋರಲ್ಲ. ಇಲ್ಲಿ ನೋಡಿ, ಹಲ್ಲೆಲ್ಲಾ ಬಿಟ್ಕೊಂಡು! ಅದೂ ಹಫ್ ತಿರುವಲ್ಲಿ!"

ಉಗಿಬಂಡಿಯ ಕಾಲದಲ್ಲಿ ಆ ತಿರುವಿನಲ್ಲಿ ಮಿಸೆಸ್ ಹಫ್ ಅನ್ನುವ ವಿಧವೆ ರೈಲಿನವರಿಗೆ ಊಟ ಹಾಕುತ್ತಿದ್ದಳು. ಅವಳ ಊಟದ ಬಗ್ಗೆಯೂ ಅವಳ ಬಗ್ಗೆಯೂ ಮಾತು ಬಹಳ ಇತ್ತು.

"ಅಮ್ಮ ಸಾಯೋವರೆಗೂ ಅಂತಿದ್ಲು, ನಿಮ್ಮಪ್ಪನ ನಗುವೆಲ್ಲಾ ಆ ಹೆಂಗಸಿನ ಬಾಗಿಲಲ್ಲೇ ಮುಗಿದುಹೋಗುತ್ತೆ ಅಂತ. ನಾನು ಅಪ್ಪನ ಕಡೆ ನಿಂತು ಜಗಳ ಆಡ್ತಿದ್ದೆ. ಈಗ ನೋಡಿದ್ರೆ ಅಮ್ಮ ಹೇಳಿದ್ದೇ ನಿಜ ಅನ್ನಿ."

ಲಾಯ್ಡ್‌ನ ಪಕ್ಕೆಗೆ ಮೊಣಕೈಯಿಂದ ತಿವಿದೆ, ಏನಾದರೂ ಸಮಾಧಾನ ಹೇಳಲಿ ಅಂತ. ಈ ಪುಣ್ಯಾತ್ಮ ಕೇಳಿದ್ದೇನು ಗೊತ್ತೇ?

"ಮಿಸೆಸ್ ಐಸೆನ್‌ಬರ್ಗ್, ನಿಮ್ಮಪ್ಪ ಫೈರ್‌ಮನ್ ಆಗಿದ್ರಲ್ವಾ?"

"ಯಾರ್ರೀ ಹೇಳಿದ್ದು? ಡ್ರೈವರ್! ನಾನು ಹುಟ್ಟೋಕೆ ಮುಂಚಿಂದ ಡ್ರೈವರ್!"

ಲಾಯ್ಡ್‌ನ ಕೈಯಲ್ಲಿದ್ದ ಕಾಫಿ ಅರ್ಧ ನೆಲಕ್ಕೆ ಚೆಲ್ಲಿತು. "ಡ್ರೈವರ್ ಎಡಗಡೆ ಕೂರಲ್ಲ. ಯಾವ ಎಂಜಿನ್ನಲ್ಲೂ ಕೂರಲ್ಲ. ಅವನ ಜಾಗ ಬಲಗಡೆ!" ಅಂತ ಕೂಗಿಕೊಂಡು ಫೋಟೋವನ್ನು ಗೋಡೆಯಿಂದ ಕಿತ್ತು, ಅದರ ಹಿಂಬದಿ ತನ್ನ ಕಡೆ ಬರುವ ಹಾಗೆ ಕಿಟಕಿಯ ಬೆಳಕಿಗೆ ಅಡ್ಡ ಹಿಡಿದ. ಹಿಂದಿನಿಂದ ನೋಡಿದರೆ ಎಡ ಬಲವಾಯಿತು, ಬಲ ಎಡವಾಯಿತು, ಗುಡ್ಡವೂ ಮಗ್ಗುಲು ಬದಲಾಯಿಸಿತು.

"ಫಿಲಂ ಉಲ್ಟಾ ಇಟ್ಟು ಅಚ್ಚು ಹಾಕಿದ್ದಾರೆ! ನೋರೀನ್, ಇದು ಹಫ್ ತಿರುವೇ ಅಲ್ಲ. ಈಚೆ ದಡದ ಕಣಿವೆ, ಸ್ಪ್ರೂಸ್ ಗ್ಯಾಪ್! ಹೊರಡು!"

ಇಷ್ಟು ವರ್ಷ ತಪ್ಪು ದಡದಲ್ಲಿ ಬೂಟು ಸವೆಸಿದ್ದಕ್ಕೆ ಬೇರೆಯವರಾದರೆ ತಲೆ ಚಚ್ಚಿಕೊಳ್ಳುತ್ತಿದ್ದರು. ಇವನು ಲಾಟರಿ ಹೊಡೆದವನ ಹಾಗೆ ಕುಣಿಯುತ್ತಿದ್ದ. "ನಾನೂ ಬರ್ತೀನಿ" ಅಂದಳು ಥೆಲ್ಮಾ. "ಯಾರನ್ನ ನೋಡಿ ನಗ್ತಿದ್ದ ಅಂತ ನಂಗೆ ಗೊತ್ತಾಗ್ಲೇಬೇಕು." ಅವಳಿಗೂ ಒಂದು ಕಿತ್ತಳೆ ಅಂಗಿ ತೊಡಿಸಿ, ಪಿಕಪ್ಪಿನಲ್ಲಿ ನಮ್ಮಿಬ್ಬರ ನಡುವೆ ಕೂರಿಸಿಕೊಂಡೆವು. ಸ್ಪ್ರೂಸ್ ಗ್ಯಾಪ್ ಹತ್ತಿರವಾದಂತೆ ಅವಳು ಮುಂದಕ್ಕೆ ಬಗ್ಗಿ ಗಾಜಿನಾಚೆ ಏನನ್ನೋ ಹುಡುಕತೊಡಗಿದಳು.

ಹೆದ್ದಾರಿಯ ಪಕ್ಕ ಗಾಡಿ ನಿಲ್ಲಿಸಿ, ಇಳಿಜಾರಿನಲ್ಲಿ ಅವಳ ಕೈ ಹಿಡಿದು ಇಳಿಸಿದೆವು. ಕೆಳಗೆ ಹಳಿ, ಹಳಿಯ ಪಕ್ಕ ಹಳೇ ಕಲ್ಲುಗೋಡೆ. ಲಾಯ್ಡ್ ತನ್ನ ಕುಡುಕನ ಕುಣಿತ ಶುರು ಮಾಡಿದ. ಒಮ್ಮೆ ಮೇಲೆ, ಒಮ್ಮೆ ಕೆಳಗೆ, ಒಮ್ಮೆ ಕಂಟಿಯೊಳಗೆ. ಆಮೇಲೆ ಗಕ್ಕನೆ ನಿಂತ. ಗುಡ್ಡದ ತಗ್ಗು ಕಲ್ಲುಗೋಡೆಯ ಮೂಲೆಯ ಮೇಲೆ ಸರಿಯಾಗಿ ಕೂತಿತ್ತು. ಕ್ವಾರಿಯವರು ಏನೂ ತಿಂದಿರಲಿಲ್ಲ.

"ಇಲ್ಲೇ! ಫೋಟೋದೋನು ನಿಂತಿದ್ದು ಇಲ್ಲೇ! ನಿಮ್ಮಪ್ಪ ಇವನನ್ನ ನೋಡ್ತಿಲ್ಲ, ಇವನ ತಲೆ ಮೇಲಿಂದ ಹಿಂದಕ್ಕೆ ನೋಡ್ತಿದ್ದಾರೆ."

ಥೆಲ್ಮಾ ಹಳಿಯ ಕಡೆ ನೋಡುತ್ತಲೇ ಇರಲಿಲ್ಲ. ನಮ್ಮ ಬೆನ್ನ ಹಿಂದೆ ಒಣಗಿದ ಬಳ್ಳಿಗಳ ನಡುವೆ ಮನೆಯೊಂದರ ತಳಪಾಯ ಇತ್ತು, ಮೂರು ಮೆಟ್ಟಿಲಿತ್ತು. ಕೋಲಿನಿಂದ ಎಲೆ ಸರಿಸಿ, "ನಮ್ಮ ಅಡುಗೆಮನೆ ಮೆಟ್ಟಿಲು" ಅಂದಳು. ರಸ್ತೆ ಅಗಲ ಮಾಡುವಾಗ ಕೆಡವಿದ ಅವರ ಮನೆ ಇದ್ದದ್ದು ಅಲ್ಲೇ.

"ಅಂದ್ರೆ ಅವರು ನಿಮಗೇ ಕೈ ಬೀಸ್ತಿದ್ರು!" ಅಂದೆ. "ನೀವ್ಯಾರೂ ನೋಡ್ಲೇ ಇಲ್ವಾ?"

"ಹೇಗೆ ನೋಡೋದು ಮಾರಾಯ್ತಿ? ಗಾಡಿ ಸದ್ದು ಕೇಳಿದ್ರೆ ಸಾಕು, ಅಮ್ಮ ಕೂಗೋಳು, ಮಸಿ ಬಂತು, ಬಟ್ಟೆ ತೆಗೀರಿ, ಕಿಟಕಿ ಮುಚ್ರಿ ಅಂತ! ಎಲ್ಲರೂ ಹಗ್ಗದ ಮೇಲಿಂದ ಬಟ್ಟೆ ಬಾಚ್ಕೊಂಡು ಒಳಗೆ ಓಡೋದೇ. ದಿನಾ ಕೈ ಬೀಸಿದ್ದಾನೆ ಪಾಪ, ದಿನಾ ನಮ್ಮ ಬೆನ್ನು ನೋಡಿದ್ದಾನೆ!"

ಹೇಳುತ್ತಾ ಹೇಳುತ್ತಾ ಅವಳಿಗೆ ನಗು ಬಂತು. ಮೆಟ್ಟಿಲ ಮೇಲೆ ಕೂತು, ಹೊಟ್ಟೆ ಹಿಡಿದುಕೊಂಡು ನಕ್ಕಳು. "ಮನೆಯೊಳಗೆ ಬಂದು ನಗೋಕೆ ಏನಾಗಿತ್ತೋ ಮುದುಕಾ ನಿಂಗೆ!" ಅಂತ ಹಳಿಯ ಕಡೆ ಕೋಲು ಝಳಪಿಸಿದಳು. ನಕ್ಕೂ ನಕ್ಕೂ ಕೊನೆಗೆ ಅತ್ತಳು. ನನಗೂ ತಡೆಯಲಾಗಲಿಲ್ಲ. ಲಾಯ್ಡ್ ಟೋಪಿ ತೆಗೆದು ನಿಂತಿದ್ದ. ಆ ದಿನ ಅಲ್ಲಿ ಫೋಟೋ ತೆಗೆಯುವುದನ್ನೂ ಮರೆತ.

ವಾಪಸು ಗಾಡಿ ಹತ್ತಿದ ಮೇಲೆ ಥೆಲ್ಮಾ ಕಣ್ಣೊರೆಸಿಕೊಂಡು, "ಮನೆಗಲ್ಲ, ಸ್ಮಶಾನಕ್ಕೆ ಬಿಡಪ್ಪ" ಅಂದಳು. ಅವಳಮ್ಮನ ಸಮಾಧಿ ಚರ್ಚಿನ ಹಿಂದೆ ಇತ್ತು. ಅಮ್ಮನಿಗೆ ಕೊನೆಗಾಲದಲ್ಲಿ ಕಿವಿ ಅಷ್ಟಾಗಿ ಕೇಳುತ್ತಿರಲಿಲ್ಲವಂತೆ. ಅದಕ್ಕೇ ಕಲ್ಲಿನ ಹತ್ತಿರ ಬಗ್ಗಿ, ಬೇಲಿಯಾಚೆಯ ಹಸುಗಳೂ ತಲೆಯೆತ್ತಿ ನೋಡುವ ಹಾಗೆ ಕೂಗಿದಳು:

"ಅಮ್ಮಾ, ಅದು ನಿನಗೇ ಕಣೇ! ಆ ನಗು ನಿನಗೇ!"