ಗಜ ನಮ್ಮ ಪಾಲಿಗೆ, ಬಂದೂಕು ಅವರ ಪಾಲಿಗೆ

ಕಾಲುವೆ ನೀರು ನಮ್ಮ ಹೊಲಕ್ಕೆ ಬಂದ ಮೇಲೆ ನನ್ನ ಗಂಡ ಮತ್ತು ಅವರ ಅಣ್ಣ ಬೇರೆಯಾದರು. ಜೋಳ ಬೆಳೆಯುವಾಗ ಒಟ್ಟಿಗಿದ್ದವರು ಭತ್ತ ಬೆಳೆಯುವಾಗ ಒಟ್ಟಿಗಿರಲಿಲ್ಲ. ದಢೇಸುಗೂರಿನ ಕಡೆಯ ನಮ್ಮ ಊರಲ್ಲಿ ಆಗ ಅದೇನೂ ಹೊಸದಲ್ಲ. ಹಿರಿಯರು ಕೂತು ಪಾಲು ಮಾಡಿದರು. ಎರಡು ಮಾಡಲಾಗದ್ದನ್ನೂ ಎರಡು ಮಾಡುವುದು ಆ ಮನೆಯ ಹಟ. ಬೀಸುವ ಕಲ್ಲಿನ ಮೇಲಿನ ಕಲ್ಲು ನಮಗೆ ಬಂತು, ಕೆಳಗಿನದು ಅವರಿಗೆ ಹೋಯಿತು. ಬಂದೂಕು ಭಾವನಿಗೆ, ಅದರ ಗಜ ನನ್ನ ಗಂಡನಿಗೆ.

ಅದು ಮಾವನವರು ನಿಜಾಮರ ಕಾಲದಲ್ಲಿ ತಂದ ಬಂದೂಕು. ನಳಿಗೆಯ ಬಾಯಿಂದಲೇ ಮದ್ದು ಸುರಿದು, ಎಣ್ಣೆ ಬಟ್ಟೆ ಸುತ್ತಿದ ಸೀಸದ ಗುಂಡನ್ನು ಗಜದಿಂದ ತಳದವರೆಗೆ ತಳ್ಳಬೇಕು. ನಳಿಗೆಯೊಳಗೆ ತಿರುಚಿದ ಗೀರುಗಳಿದ್ದುದರಿಂದ ಗುಂಡು ಬಿಗಿಯಾಗಿ ಇಳಿಯುತ್ತಿತ್ತು. ಹಿಂಬದಿಯಲ್ಲಿ ಕೇಪು ಎಂಬ ತಾಮ್ರದ ಸಣ್ಣ ಟೊಪ್ಪಿಗೆ ಕೂರಿಸಬೇಕು, ಕುದುರೆ ಎನ್ನುವ ಸುತ್ತಿಗೆಯಂಥ ತುಂಡು ಅದಕ್ಕೆ ಬಡಿದರೆ ಕಿಡಿ ಹಾರಿ ಮದ್ದು ಹೊತ್ತುತ್ತಿತ್ತು. ಗಜ ಎಂದರೆ ಕಬ್ಬಿಣದ ಉದ್ದನೆಯ ಸಲಾಕೆ. ಅದರ ತುದಿಗೆ ಒಂದು ತಿರುಪು ಹಾಕಬಹುದಿತ್ತು, ಸಿಕ್ಕಿಬಿದ್ದ ಗುಂಡಿಗೆ ಅದನ್ನು ಕೊರೆದು ಹಿಂದಕ್ಕೆ ಎಳೆಯಲು.

ಕಾಲುವೆ ದಂಡೆಯ ಜಾಲಿ ಪೊದೆಗಳಿಂದ ಹಂದಿಗಳು ಭತ್ತಕ್ಕೆ ಬೀಳತೊಡಗಿದವು. ಭಾವ ಗಜ ಕೇಳಲಿಲ್ಲ. ಬಾರುಕೋಲಿನ ಕಟ್ಟಿಗೆಯಿಂದ ಗುಂಡು ತಳ್ಳಿದ. ಗುಂಡು ಅರ್ಧ ದಾರಿಯಲ್ಲಿ ನಿಂತಿತು, ಕಟ್ಟಿಗೆ ಸೀಳಿತು. ಕೆಳಗೆ ಮದ್ದು, ನಡುವೆ ಖಾಲಿ, ಮೇಲೆ ಗುಂಡು. ಹಾಗೆಯೇ ಹೊಡೆದರೆ ನಳಿಗೆ ಸಿಡಿಯುತ್ತದೆ. ಇದು ಇಬ್ಬರಿಗೂ ಗೊತ್ತಿತ್ತು.

ಮರುದಿನ ಬೆಳಿಗ್ಗೆ ನನ್ನ ನೆಗೆಣ್ಣಿ ನಮ್ಮ ಹೊಸ್ತಿಲಿಗೆ ಬಂದಳು.

"ಗಜ ಕೊಡಪಾ. ನಿಮ್ಮಣ್ಣ ಕೇಪು ಇಟ್ಟು ಹೊಡದು ತಗೀತೀನಿ ಅನ್ನಾಕತ್ಯಾನ. ಕೈ ಹಾರಿ ಹೋದ್ರ ಏನ್ ಮಾಡ್ಲಿ?"

"ಬಾರುಕೋಲು ಐತೆಲ್ಲ ಅವಗ," ಎಂದರು ನನ್ನ ಗಂಡ.

"ಹೊಟ್ಟಿ ತಣ್ಣಗಾತೇನು?"

ಆ ಮಾತಿಗೆ ಅವರು ಎದ್ದು ಗಜ ತೆಗೆದುಕೊಂಡರು. ಆದರೆ ಕೊಡಲಿಲ್ಲ. "ಗಜ ನನ್ನ ಕೈಯಾಗಿಂದ ಹೋಗಂಗಿಲ್ಲ. ನಾನ ಬಂದು ತಗೀತೀನಿ," ಎಂದರು. ನಾನು ಹಿಂದೆ ಹೋದೆ.

ಭಾವ ಅಂಗಳದ ಕಟ್ಟೆಯ ಮೇಲೆ ಬಂದೂಕನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಕಟ್ಟೆಯ ಹಿಂದೆ ಹೊಲಕ್ಕೆ ಹೋಗುವ ಸಣ್ಣ ಕಾಲುವೆ ತುಂಬಿ ಹರಿಯುತ್ತಿತ್ತು. ಗೋಡೆಯಾಚೆ ಪಕ್ಕದ ಮನೆಯವರು ನಿಂತು ನೋಡುತ್ತಿದ್ದರು.

"ಬೇವಿನ ಗಿಡಕ್ಕ ಕಟ್ಟು, ಬಾಯಿ ಮ್ಯಾಲ ಮಾಡಿ," ಎಂದರು ನನ್ನ ಗಂಡ.

"ನನ್ನ ಬಂದೂಕು ನನ್ನ ಕೈಯಾಗ ಇರ್ತೈತಿ. ಎಳ್ಯಾಕ ಬಂದಿದ್ರ ಎಳಿ. ಅಂಜಿಕಿ ಬಂದ್ರ ಗಜ ಒಗದು ಹೋಗಲೇ."

"ನಿನಗ ಯಾರು ಅಂಜತಾರ?"

ಭಾವ ಹಿಡಿಯನ್ನು ಹೊಟ್ಟೆಗೆ ಒತ್ತಿಕೊಂಡ. ನನ್ನ ಗಂಡ ಬಾಯಿಯ ಎದುರಿಗೆ ನಿಂತು ಗಜವನ್ನು ಒಳಗಿಟ್ಟು ತಿರುಗಿಸತೊಡಗಿದರು. ಗಜ ಒಳಗೆ ಇಳಿಯುತ್ತ ಹೋದಂತೆ ಅವರ ಎದೆ ನಳಿಗೆಗೆ ಹತ್ತಿರವಾಗುತ್ತ ಹೋಯಿತು. ನಾನು ಭಾವನ ಬಲಗಡೆ, ನೆಗೆಣ್ಣಿಯ ಬೆನ್ನ ಹಿಂದೆ ನಿಂತಿದ್ದೆ. ಆದ್ದರಿಂದಲೇ ಅದು ನನಗೆ ಕಂಡಿತು. ಕುದುರೆ ಕೆಳಗೆ ಇಳಿದಿತ್ತು. ಅದರ ಅಡಿಯಲ್ಲಿ ತಾಮ್ರದ ಅಂಚು ಹೊಳೆಯಿತು.

ಆ ಕಾಲದಲ್ಲಿ ತಮ್ಮನ ಹೆಂಡತಿ ಭಾವನ ಮುಂದೆ ಮಾತಾಡುತ್ತಿರಲಿಲ್ಲ. ಉಪ್ಪು ಬೇಕಿದ್ದರೂ ನೆಗೆಣ್ಣಿಯ ಕಿವಿಯಲ್ಲಿ ಹೇಳಬೇಕು. ಆ ಮನೆಗೆ ಬಂದ ಮೇಲೆ ನನ್ನ ದನಿ ಅವನು ಕೇಳಿಯೇ ಇರಲಿಲ್ಲ.

"ಕೇಪು ಐತಿ," ಎಂದೆ.

ಯಾರೂ ಅಲುಗಾಡಲಿಲ್ಲ. ಮತ್ತೆ ಗಟ್ಟಿಯಾಗಿ ಹೇಳಿದೆ. "ಬಂದೂಕದ ಮ್ಯಾಲ ಕೇಪು ಐತಿ. ಕೈ ಬಿಡ್ರಿ."

ನನ್ನ ಗಂಡ ಗಜ ಬಿಟ್ಟು ಪಕ್ಕಕ್ಕೆ ಸರಿದರು. ಭಾವ ನನ್ನ ಕಡೆ ನೋಡಲಿಲ್ಲ. ಕುದುರೆ ಎತ್ತಿ, ಉಗುರಿನಿಂದ ಕೇಪು ಕಿತ್ತು, ಹಿಂದಕ್ಕೆ ಕಾಲುವೆಗೆ ಎಸೆದ.

"ಸುಟ್ಟ ಕೇಪು ಅದು. ಹೋದ ಸಲದ್ದು," ಎಂದ.

"ಒಗದ್ಯಾಕ? ತೋರಿಸಬೇಕಿತ್ತು," ಎಂದರು ನನ್ನ ಗಂಡ.

"ನಿನ್ನ ಹೇಣ್ತಿಗೆ ತೋರಿಸ್ಲೇನು? ಭಾವನ ಮುಂದ ಬಾಯಿ ಬಿಟ್ಟಾಕಿಗೆ?"

ಅದು ಸುಟ್ಟ ಕೇಪೋ, ಬೆಳಿಗ್ಗೆ ಹೊಡೆಯಲೆಂದು ಇಟ್ಟು ಮರೆತದ್ದೋ, ಮರೆಯದೆ ಬಿಟ್ಟದ್ದೋ, ನನಗೆ ಗೊತ್ತಿಲ್ಲ. ಹೊಳೆದದ್ದನ್ನು ಕಂಡೆ. ಸುಟ್ಟ ಕೇಪು ಕಪ್ಪಗಿರುತ್ತದೆ ಎಂದು ಆಮೇಲೆ ಹಲವರು ಹೇಳಿದರು. ಅಂಚಿನಲ್ಲಿ ಹೊಳೆಯಬಹುದು ಎಂದೂ ಕೆಲವರು ಹೇಳಿದರು.

ನನ್ನ ತವರು ಸಂತೆಕಲ್ಲೂರು, ಕಲ್ಲಿನ ನೆಲ. ಅಪ್ಪ ಬಾವಿ ತೋಡಿಸುವಾಗ ಬಂಡೆಯಲ್ಲಿ ಸಿಡಿಯದೆ ಉಳಿದ ಮದ್ದಿನ ಕುಳಿಯನ್ನು ಯಾರೂ ಮುಟ್ಟುತ್ತಿರಲಿಲ್ಲ. ನೀರು ಹಾಕಿ, ಕರಿ ನೀರು ಹೊರಗೆ ಬರುವ ತನಕ ಕಾಯುತ್ತಿದ್ದರು. ಅದನ್ನೇ ನೆಗೆಣ್ಣಿಗೆ ಹೇಳಿದೆ, ಭಾವನಿಗೂ ಕೇಳುವಂತೆ: "ಕೇಪಿನ ಕಡಿಯಿಂದ ನೀರು ಹಾಕಬೇಕು ಯಕ್ಕಾ. ಕರಿ ನೀರು ಬರೋತನಕ ಇವರು ಮುಂದ ನಿಲ್ಲಂಗಿಲ್ಲ."

"ನಳಿಗಿ ಬಾಯಿಂದ ಆಗಲೇ ನೀರು ಹಾಕೀನಿ," ಎಂದ ಭಾವ.

"ಅದು ಗುಂಡಿನ ಮ್ಯಾಲ ನಿಂತಿರ್ತೈತಿ. ಮದ್ದು ಗುಂಡಿನ ಕೆಳಗೈತಿ," ಎಂದೆ.

ನೆಗೆಣ್ಣಿ ಒಳಗೆ ಹೋಗಿ ಇಕ್ಕಳ, ಚೆಂಬು ತಂದು ಗಂಡನ ಮುಂದೆ ಕುಕ್ಕಿದಳು. ಅವನು ಕೇಪು ಕೂರಿಸುವ ಚಿಕ್ಕ ಕೊಳವೆಯನ್ನು ಇಕ್ಕಳದಿಂದ ತಿರುಗಿಸಿ ತೆಗೆದ. ಆ ತೂತಿಗೆ ಅವಳು ನೀರು ಬಿಟ್ಟಳು. ಮೊದಲು ತಿಳಿ ನೀರೇ ತುಳುಕಿತು. ಅವಳು ಬಿಡುತ್ತಲೇ ಹೋದಳು. ಅಣ್ಣ ತಮ್ಮ ಇಬ್ಬರೂ ಬೇರೆ ಬೇರೆ ಕಡೆ ನೋಡುತ್ತಿದ್ದರು. ತುಂಬಾ ಹೊತ್ತಾದ ಮೇಲೆ ಕಟ್ಟೆಯ ಕಲ್ಲಿನ ಮೇಲೆ ಮಸಿಯಂಥ ನೀರು ಇಳಿಯಿತು, ಕೊಳೆತ ಮೊಟ್ಟೆಯ ವಾಸನೆಯೊಂದಿಗೆ.

ಆಗ ನನ್ನ ಗಂಡ ಮತ್ತೆ ಗಜ ಹಿಡಿದರು. ಒಬ್ಬ ಬಂದೂಕನ್ನು ತನ್ನ ಕಡೆ, ಇನ್ನೊಬ್ಬರು ಗಜವನ್ನು ತಮ್ಮ ಕಡೆ, ಹಲ್ಲು ಕಚ್ಚಿ ಎಳೆದರು. ಅಷ್ಟು ಸಿಟ್ಟಿಲ್ಲದಿದ್ದರೆ ಆ ಗುಂಡು ಬರುತ್ತಿತ್ತೋ ಇಲ್ಲವೋ. ಬಂತು. ತಿರುಪಿನ ತುದಿಯಲ್ಲಿ ಸೊಟ್ಟಗಾಗಿ ಸಿಕ್ಕಿಕೊಂಡಿತ್ತು. ನನ್ನ ಗಂಡ ಅದನ್ನು ಕಲ್ಲಿಗೆ ಬಡಿದು ಬೀಳಿಸಿ, ಗಜ ಹೆಗಲ ಮೇಲಿಟ್ಟುಕೊಂಡು ಹೊರಟರು.

ಮನೆಗೆ ಬಂದ ಮೇಲೆ ಅವರು ಸಿಡುಕಿದ್ದು ನನ್ನ ಮೇಲೆ.

"ನಮ್ಮಣ್ಣ ನನ್ನ ಕೊಲ್ಲಾಕ ನಿಂತಿದ್ದ ಅಂತ ಊರಿಗೆಲ್ಲ ತೋರಿಸಿದಿ."

"ನಾ ಹಂಗ ಅಂದಿಲ್ಲ. ಕೇಪು ಐತಿ ಅಂದೆ."

"ಎರಡೂ ಒಂದ."

ಅಂದು ಅವರು ಊಟ ಮಾಡಲಿಲ್ಲ. ಅಣ್ಣನ ಅಂಗಳವನ್ನು ಮತ್ತೆ ತುಳಿಯಲಿಲ್ಲ. ಹಂದಿಗಳು ಎರಡೂ ಮನೆಯ ಭತ್ತ ತಿಂದವು. ಬಂದೂಕು ಅಲ್ಲಿ ಗೂಟಕ್ಕೆ, ಗಜ ಇಲ್ಲಿ ಮೂಲೆಗೆ. ತಿರುಪಿನ ಸಂದಿನಲ್ಲಿ ಒಂದು ಚೂರು ಸೀಸ ಉಳಿದಿತ್ತು. ಮನೆ ಸಾರಿಸುವಾಗ ಅದನ್ನು ಕೆರೆದು ತೆಗೆಯಲು ಹೋದೆ. ಅವರು ಗಜವನ್ನು ನನ್ನ ಕೈಯಿಂದ ಕಸಿದುಕೊಂಡು, ಆ ಚೂರಿನ ಮೇಲೆ ಹೆಬ್ಬೆರಳಿಟ್ಟು ಸ್ವಲ್ಪ ಹೊತ್ತು ನಿಂತು, ಮತ್ತೆ ಅದೇ ಮೂಲೆಗೆ ಆನಿಸಿದರು.