ದೋನ್ ನಸಾರಿಯೊನ ಸೂಜಿ

ನಮ್ಮ ಮಾಯಾ ಜನರ ತಿಶ್ಕುಲ್ ಹಳ್ಳಿಯ ಚರಿತ್ರೆಯಲ್ಲಿ ಪವಾಡಗಳು ಎರಡೇ. ಒಂದು, ಚಂಡಮಾರುತವು ಇಗರ್ಜಿಯ ಗಂಟೆಯನ್ನು ಹಾರಿಸಿಕೊಂಡು ಹೋಗಿ ಪಾದ್ರಿಯ ಹಂದಿಗೂಡಿನಲ್ಲಿ ಇಳಿಸಿದ್ದು. ಇನ್ನೊಂದು, ದೋನ್ ನಸಾರಿಯೊ ತುಯೂಬ್ ಕಣ್ಣು ಮುಚ್ಚಿಕೊಂಡು ಸೂಜಿಗೆ ದಾರ ಪೋಣಿಸುವುದು. ಗಂಟೆ ಹಾರಿದ್ದನ್ನು ಕಂಡವರು ಯಾರೂ ಈಗ ಉಳಿದಿಲ್ಲ. ಸೂಜಿಯನ್ನು ಯಾರು ಬೇಕಾದರೂ ಹೋಗಿ ನೋಡಬಹುದು. ಕೋಣನಂಥ ದೇಹ, ಮುಸುಕಿನ ಜೋಳದ ತೆನೆಯಂಥ ಬೆರಳು, ತೊಡೆಯ ಮೇಲೆ ಹೆಂಗಸರು ತೊಡುವ ಬಿಳಿಯ ನಿಲುವಂಗಿ, ಹುಯಿಪಿಲ್. ಅದರ ಕೊರಳ ಸುತ್ತ ಆತ ಹೊಲಿದ ಹೂವಿಗೆ ಜೇನ್ನೊಣಗಳು ಮೋಸಹೋಗುತ್ತವೆ ಎಂದು ಹಬ್ಬಿಸಿದವರು ನಾವೇ. ಈಗ ನಂಬುತ್ತಿರುವವರೂ ನಾವೇ.

ಗಂಡಸಿನ ಕೈಗೆ ಸೂಜಿ ಬಂದ ಕಾರಣವೂ ಊರಿಗೆಲ್ಲ ಗೊತ್ತು. ಕೂಸನ್ನು ಮೊದಲ ಸಲ ಸೊಂಟದ ಮೇಲೆ ಕೂರಿಸುವ ನಮ್ಮ ಶಾಸ್ತ್ರಕ್ಕೆ ಹೆತ್ಸ್‌ಮೆಕ್ ಎಂದು ಹೆಸರು. ಒಲೆಗೆ ಮೂರು ಕಲ್ಲು, ಹಾಗಾಗಿ ಹೆಣ್ಣಿಗೆ ಮೂರನೆಯ ತಿಂಗಳು. ಹೊಲಕ್ಕೆ ನಾಲ್ಕು ಮೂಲೆ, ಗಂಡಿಗೆ ನಾಲ್ಕನೆಯದು. ಎತ್ತಿಕೊಂಡವರು ಮೇಜನ್ನು ಸುತ್ತುತ್ತ ಕೂಸಿನ ಕೈಗೆ ಒಂದೊಂದೇ ಸಾಮಾನು ಹಿಡಿಸಬೇಕು. ಬಾಳು ಅದರಂತೆ ಸಾಗುತ್ತದೆ. ನಸಾರಿಯೊನ ತಾಯಿ ಸಾಲಾಗಿ ಹೆಣ್ಣು ಹೆತ್ತವಳು. ಇವನಿಗೂ ರೂಢಿಯ ಮೇಲೆ ಮೂರನೆಯ ತಿಂಗಳಿಗೇ ಮೇಜು ಹಾಕಿದಳು. ಅಕ್ಕಂದಿರ ಕೈಗೆ ಹಿಡಿಸಿದ ಅದೇ ಸೂಜಿ, ಅದೇ ದಾರ. ಕೂಸು ಎತ್ತಿಕೊಂಡವಳ ಗಲ್ಲಕ್ಕೆ ಗುರಿಯಿಟ್ಟು ಉಚ್ಚೆ ಹಾರಿಸಿದಾಗಲೇ ಎಲ್ಲರಿಗೂ ಇದು ಗಂಡೆಂದು ನೆನಪಾದದ್ದು. ಅಷ್ಟರಲ್ಲಿ ಶಾಸ್ತ್ರ ಮುಗಿದಿತ್ತು.

ಈ ಕಥೆಯನ್ನು ನಮ್ಮೂರ ಹುಡುಗಿ ಲೇಯ್ದಿ ಚುಕ್ ಮೆರಿದಾ ಪಟ್ಟಣದಲ್ಲಿ ಕೂತು ಮಾಯಾ ಭಾಷೆಯಲ್ಲಿ ಕಾದಂಬರಿ ಮಾಡಿದಳು. ಊರ ಚೌಕದಲ್ಲಿ ಓದಿಯೂ ಹೇಳಿದಳು: “ಅವನ ಸೂಜಿಯ ಮೊನೆಯಲ್ಲಿ ಪೂರ್ವಿಕರ ರಕ್ತ ಮಿಡಿಯುತ್ತಿತ್ತು.” ನಸಾರಿಯೊ ಗಾಬರಿಯಿಂದ ತನ್ನ ಬೆರಳು ನೋಡಿಕೊಂಡ. ಉಳಿದವರು ಚಪ್ಪಾಳೆ ತಟ್ಟಿದೆವು.

ತಟ್ಟದೆ ಉಳಿದವನು ವಿಲ್ಬರ್ತ್ ಒಬ್ಬನೇ. ಮರುದಿನ ಅವನ ಮಗನ ಹೆತ್ಸ್‌ಮೆಕ್. ಎತ್ತಿಕೊಳ್ಳಲು ಕರೆದಿದ್ದದ್ದು ನಸಾರಿಯೊನನ್ನು. ಹೆಂಡತಿ ತೀರಿಕೊಂಡ, ಮಕ್ಕಳಿಲ್ಲದ ಆ ಮನುಷ್ಯನನ್ನು ಜನ್ಮದಲ್ಲಿ ಇದಕ್ಕೆ ಯಾರೂ ಕರೆದಿರಲಿಲ್ಲ. ಬೆಳಿಗ್ಗೆ ಇಸ್ತ್ರಿ ಅಂಗಿ ತೊಟ್ಟು, ಕೈ ಎರಡೆರಡು ಸಲ ತೊಳೆದುಕೊಂಡು ಬಂದರೆ, ವಿಲ್ಬರ್ತ್ ಬಾಗಿಲಿಗೆ ಅಡ್ಡ ನಿಂತಿದ್ದ.

“ಬೇಜಾರು ಮಾಡ್ಕೋಬೇಡಿ ದೋನ್ ನಸಾರಿಯೊ. ಪುಸ್ತಕದಲ್ಲೇ ಬಂದುಬಿಟ್ಟಿದೆ. ನೀವು ಎತ್ಕೊಂಡ್ರೆ ನನ್ನ ಮಗನೂ ಸೂಜಿ ಹಿಡಿದ್ರೆ?”

“ನಾನು ಅದನ್ನ ವರ ಅಂತ ಬರೆದಿದ್ದೀನಿ!” ಎಂದಳು ಶಾಸ್ತ್ರ ನೋಡಲು ಬಂದಿದ್ದ ಲೇಯ್ದಿ.

“ವರ ನಿನ್ನ ಪುಸ್ತಕದಲ್ಲೇ ಇರ್ಲಿ ತಾಯಿ. ನನ್ನ ಮಗ ಮಚ್ಚು ಹಿಡೀಬೇಕು, ಹೊಲ ಮಾಡ್ಬೇಕು.”

ನಸಾರಿಯೊ ಟೋಪಿ ತೆಗೆದು, ಮತ್ತೆ ಹಾಕಿಕೊಂಡು, ಹೊರಟೇಬಿಟ್ಟ. ಆಗ ವಿಲ್ಬರ್ತನ ತಾಯಿ ದೋನ್ಯಾ ಎರ್ಮಿಲಾ ಅಡುಗೆಮನೆಯಿಂದ ಸೌಟಿನ ಸಮೇತ ಬಂದಳು.

“ನಿನಗೆ ನಾಲ್ಕನೇ ತಿಂಗಳಲ್ಲೇ ಮಾಡ್ಸಿದ್ದೆ ಕಣೋ! ಮಚ್ಚೂ ಹಿಡಿಸಿದ್ದೆ. ನೀನೇನು ಹಿಡಿದೆ? ಕಾಂಕೂನ್ ಹೋಟೆಲ್ನಲ್ಲಿ ಬಿಳಿಯರಿಗೆ ಶರಬತ್ತಿನ ತಟ್ಟೆ! ಹೊಲ ಯಾವ ದಿಕ್ಕಿಗಿದೆ, ಹೇಳು ನೋಡೋಣ?”

ವಿಲ್ಬರ್ತ್ ಕೈ ಎತ್ತಿದ. ಯಾವ ಕಡೆಗೂ ತೋರಿಸದೆ ಇಳಿಸಿದ. ನಾವು ನಗುತ್ತಿರುವಾಗಲೇ ಎರ್ಮಿಲಾ ಓಡಿಹೋಗಿ, ನಸಾರಿಯೊನ ತೋಳು ಹಿಡಿದು ಎಳೆದು ತಂದು, ಕೂಸನ್ನು ಆತನ ಸೊಂಟಕ್ಕೆ ಏರಿಸಿದಳು. ಆತ ಉಸಿರು ಬಿಗಿಹಿಡಿದು ಮೇಜು ಸುತ್ತಿದ. ಕೂಸು ಮಚ್ಚು ಹಿಡಿಯಿತು, ಬಿಟ್ಟಿತು. ಪೆನ್ಸಿಲ್ ಹಿಡಿಯಿತು, ಬಿಟ್ಟಿತು. ಕೊನೆಗೆ ಆತನ ಮೀಸೆ ಹಿಡಿಯಿತು, ಬಿಡಲಿಲ್ಲ.

ವಿಲ್ಬರ್ತನಿಗೆ ಇನ್ನೂ ಸಮಾಧಾನವಿಲ್ಲ. “ಹಂಗಾದ್ರೆ ಶಾಸ್ತ್ರದಿಂದ ಅಲ್ಲ ಅಂದ್ರೆ, ನಿಮ್ಮ ಕೈಗೆ ಸೂಜಿ ಬಂದದ್ದಾದ್ರೂ ಹೇಗೆ?”

ಲೇಯ್ದಿ ಪೆನ್ನು ತೆಗೆದಳು. ಮೀಸೆ ಕೂಸಿನ ಮುಷ್ಟಿಯಲ್ಲಿದ್ದುದರಿಂದ ನಸಾರಿಯೊ ಕತ್ತು ವಾರೆ ಮಾಡಿಕೊಂಡೇ ಹೇಳಿದ:

“ಹೊಲದಲ್ಲಿ ಬಿಸಿಲು ಕಣಪ್ಪ. ಅಕ್ಕಂದಿರು ಹೊಲಿಯೋ ಕಡೆ ನೆರಳಿತ್ತು.”